ಜಪದ ಮೊದಲರ್ಧ

ನಮ್ಮ ಕ್ರೈಸ್ತರ ಮನೆಗಳಲ್ಲಿ ಸಂಜೆ ಜಪಸರ ಹೇಳುವುದು ಎರಡು ಬಾಯಿಯ ಕೆಲಸ. ಮರ ಕೊಯ್ಯುವ ದೊಡ್ಡ ಗರಗಸಕ್ಕೆ ಆ ತುದಿಗೊಬ್ಬ ಈ ತುದಿಗೊಬ್ಬ ಬೇಕಲ್ಲ, ಹಾಗೆ. ಪ್ರತಿ ಜಪಕ್ಕೂ ಎರಡು ಅರ್ಧ. ಮೊದಲರ್ಧವನ್ನು ಒಬ್ಬರು ಹೇಳಬೇಕು, ಉಳಿದವರೆಲ್ಲ ಸೇರಿ ಎರಡನೆಯ ಅರ್ಧ ಹೇಳಿ ಮುಗಿಸಬೇಕು. ಒಂದು ಮಣಿ ಸರಿಯಿತು. ಮತ್ತೆ ಮೊದಲರ್ಧ, ಮತ್ತೆ ಉತ್ತರ. ಹೀಗೆ ಐವತ್ತು ಮಣಿ ದಾಟಬೇಕು. ಮೊದಲರ್ಧ ಹೇಳುವುದಕ್ಕೆ ನಮ್ಮ ಮನೆಯಲ್ಲಿ ‘ಎತ್ತುವುದು’ ಅನ್ನುತ್ತಿದ್ದರು. ಎತ್ತುವ ಹಕ್ಕು ಮನೆಯ ಯಜಮಾನನದು. ಅವನಿಲ್ಲದಿದ್ದರೆ ದೊಡ್ಡ ಮಗನದು.

ನಾನು ನನ್ನಪ್ಪನ ದೊಡ್ಡ ಮಗ. ಹನ್ನೆರಡನೆಯ ವಯಸ್ಸಿಗೆ ಆ ಹಕ್ಕು ನನಗೆ ಬಂತು. ಈಗ ಐವತ್ತೇಳು. ಮೊನ್ನೆ ಮೊನ್ನೆಯವರೆಗೆ ನಾನು ಒಂದೇ ಒಂದು ಸಲವೂ ಎತ್ತಿರಲಿಲ್ಲ. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಕ್ಷರ ಹೆಚ್ಚುಕಮ್ಮಿ ಆದರೆ ತಿದ್ದಿಕೊಂಡು ಓದಿ. ಆದರೆ ಕೆಲಸ ಬಾರದವನು ಎಂದು ಮಾತ್ರ ತಿಳಿಯಬೇಡಿ. ಸಾಗರದಿಂದ ತೀರ್ಥಹಳ್ಳಿಯವರೆಗೆ ನಾನು ಕಡಿದ ಕಲ್ಲಿನ ಗೋಡೆಗಳು ಎಷ್ಟೋ ನಿಂತಿವೆ. ಒಂದೂ ಬಿರುಕು ಬಿಟ್ಟಿಲ್ಲ.

ಅಪ್ಪ ಘಟ್ಟದ ಕೆಳಗಿನಿಂದ ಕಲ್ಲು ಕಡಿಯುವ ಕೊಡಲಿಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದವರು. ಆನಂದಪುರದಿಂದ ಎರಡು ಮೈಲಿ ಒಳಗೆ ಜಂಬಿಟ್ಟಿಗೆ ಕಲ್ಲು ತೆಗೆಯುವ ಗುಂಡಿಗಳಿದ್ದವು. ಅಲ್ಲೇ ಗುಡ್ಡದ ಬುಡದಲ್ಲಿ ನಮ್ಮವರ ಏಳೆಂಟು ಮನೆ. ಹದಿನೈದು ದಿನಕ್ಕೊಮ್ಮೆ ಫಾದರ್ ಬಂದು ಪೂಜೆ ಮಾಡಿ ಹೋಗುವ, ಹೆಂಚು ಹೊದಿಸಿದ ಒಂದು ಸಣ್ಣ ಚರ್ಚು. ಜಂಬಿಟ್ಟಿಗೆಯ ಗುಣ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೆಲದೊಳಗೆ ಇರುವಾಗ ಅದು ಮೆದು. ಕೊಡಲಿ ಹಾಕಿದರೆ ಹೇಳಿದ ಹಾಗೆ ಕೇಳುತ್ತದೆ. ಎತ್ತಿ ಮೇಲಿಟ್ಟು ಗಾಳಿ ಬಿಸಿಲು ತಾಗಿತೋ, ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ಮೂಲೆ ತೆಗೆಯುವುದು, ಮುಖ ಸರಿ ಮಾಡುವುದು ಎಲ್ಲ ಹೊಸದರಲ್ಲೇ ಆಗಬೇಕು. ತಡ ಮಾಡಿದರೆ ಕೊಡಲಿಯ ಬಾಯಿ ಹೋಗುತ್ತದೆ, ಕಲ್ಲು ಹಾಗೇ ಇರುತ್ತದೆ.

ಆ ಕಲ್ಲಿನ ಕೆಂಪು ಧೂಳೇ ಅಪ್ಪನ ಎದೆಗೆ ಇಳಿಯಿತು. ಎರಡು ವರ್ಷ ಕೆಮ್ಮಿದರು. ಕೆಮ್ಮುತ್ತಲೇ ಸಂಜೆ ಮಂಡಿಯೂರಿ ಜಪಸರ ಎತ್ತುತ್ತಿದ್ದರು. ಅವರು ಕೆಮ್ಮಿದಾಗ ನಾವು ಕಾಯುತ್ತಿದ್ದೆವು, ಕೆಮ್ಮು ನಿಂತ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದರು. ಕೊನೆಯ ತಿಂಗಳು ಮಲಗಿದಲ್ಲಿಂದಲೇ ಎತ್ತಿದರು. ಆಮೇಲೆ ಒಂದು ದಿನ ಸ್ವರ ಬರಲಿಲ್ಲ.

ಅವರನ್ನು ಮಣ್ಣು ಮಾಡಿ ಬಂದ ದಿನ ಸಂಜೆ ದೇವರ ಪೀಠದ ಮುಂದೆ ಅಮ್ಮ ಮೇಣದಬತ್ತಿ ಹಚ್ಚಿದಳು. ನಾನು, ನನ್ನ ಇಬ್ಬರು ತಂಗಿಯರು ಸಾಲಾಗಿ ಮಂಡಿಯೂರಿದೆವು. ಅಮ್ಮ ಅಪ್ಪನ ಜಪಸರವನ್ನು ನನ್ನ ಕೈಗೆ ಹಾಕಿದಳು.

“ಎತ್ತು ಮಗಾ.”

ಸರದ ಮಣಿಗಳಲ್ಲಿ ಅಪ್ಪನ ಬೆರಳಿನ ಕೆಂಪು ಕೂತಿತ್ತು.

“ನಾಳೆಯಿಂದ ಎತ್ತುತ್ತೀನಮ್ಮ.”

ಅಮ್ಮ ಒತ್ತಾಯ ಮಾಡಲಿಲ್ಲ. “ಆಯ್ತು. ನಾಳೆ ತನಕ ನಾನು ಎತ್ತಿರ್ತೀನಿ” ಎಂದು ಸರವನ್ನು ಹಿಂದಕ್ಕೆ ತೆಗೆದುಕೊಂಡಳು. ಆ ನಾಳೆಯವರೆಗೆ ಅವಳು ನಲವತ್ತನಾಲ್ಕು ವರ್ಷ ಎತ್ತಿದಳು.

ಮುಂದಿನ ವಾರವೇ ನಾನು ಗುಂಡಿಗೆ ಇಳಿದೆ. ಶಾಲೆಯ ಮೇಷ್ಟ್ರು ಮನೆಗೆ ಬಂದು “ಹುಡುಗ ಲೆಕ್ಕದಲ್ಲಿ ಚುರುಕಿದಾನೆ, ಬಿಡಿಸ್ಬೇಡಿ” ಎಂದರು. ಅಮ್ಮ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ, “ಇನ್ನು ನಾನು ದುಡೀತೀನಿ ಸಾರ್.” ಹಾಗೆ ಹೇಳಿದಾಗ ಎದೆ ಎರಡಿಂಚು ಉಬ್ಬಿದ್ದು ಈಗಲೂ ನೆನಪಿದೆ. ನನ್ನ ಜೀವನದಲ್ಲಿ ನಾನು ಹೆಮ್ಮೆಪಟ್ಟ ಮೊದಲನೆಯ ಗಳಿಗೆ ಅದು. ಕೆಟ್ಟದ್ದೂ ಅಲ್ಲಿಂದಲೇ ಶುರುವಾಯಿತು ಅಂತ ಈಗ ಅನ್ನಿಸುತ್ತದೆ.

ಗುಂಡಿಯ ಮೇಸ್ತ್ರಿ ಒರಟ, ಆದರೆ ಕೆಲಸ ಕಲಿಸಿದವನು. ಕಲ್ಲನ್ನು ಅಡಿಯಿಂದ ಬಿಡಿಸುವಾಗ ನಾನು ಅಂಜಿ ಮೆಲ್ಲಗೆ ತಟ್ಟಿದರೆ, “ಏ ಪಾದ್ರಿ, ಅದೇನು ಕಲ್ಲಿಗೆ ಜ್ಞಾನಸ್ನಾನ ಮಾಡಿಸ್ತಿದೀಯೇನೋ? ಹಾಕೋ ಏಟು!” ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಏಟು ಹಾಕುತ್ತಿದ್ದೆ. ಹದಿನಾಲ್ಕು ತುಂಬುವುದರೊಳಗೆ ದೊಡ್ಡವರ ಸಮಕ್ಕೆ ಕಲ್ಲು ಎತ್ತಿದೆ. ಎಲ್ಲರೂ ನಗುವುದು ಬಿಟ್ಟರು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಗೋಡೆಗೆ ಒರಗಿದರೆ ಕಣ್ಣು ತಾನೇ ಮುಚ್ಚುತ್ತಿತ್ತು. ಅಮ್ಮ ಎತ್ತುತ್ತಿದ್ದಳು. ಅವಳ ಸ್ವರ ಇಳಿದ ಕೂಡಲೇ ನನ್ನ ಬಾಯಿಂದ ಉತ್ತರ ಬರುತ್ತಿತ್ತು, ನಿದ್ದೆಯಲ್ಲೇ. ತಂಗಿಯರು ನನ್ನನ್ನು ನೋಡಿ ಕಿಸಿಕಿಸಿ ನಗುತ್ತಿದ್ದರು. “ಅಮ್ಮಾ, ಅಣ್ಣ ಗೊರಕೆ ಹೊಡೀತಾನೇ ಜಪ ಮಾಡ್ತಾನೆ ನೋಡು.” ಅಮ್ಮನೂ ಒಂದೊಂದು ಸಲ ನಗುತ್ತಿದ್ದಳು. ಆದರೆ ಮುಗಿದ ಮೇಲೆ ತಟ್ಟೆಗೆ ಗಂಜಿ ಬಡಿಸುವಾಗ ಮೆಲ್ಲಗೆ ಕೇಳುತ್ತಿದ್ದಳು.

“ನಾಳೆ ಎತ್ತುತ್ತೀಯಾ?”

“ಹೂಂ.”

ಪೂಜೆಯಲ್ಲಿ ಮೊದಲ ಸಲ ದೇವರ ರೊಟ್ಟಿ ತೆಗೆದುಕೊಳ್ಳುವ ಪರಮಪ್ರಸಾದ ನನಗೆ ಅಪ್ಪನ ಕಾಯಿಲೆಯಲ್ಲಿ ತಡವಾಗಿತ್ತು. ಹದಿಮೂರನೆಯ ವಯಸ್ಸಿನಲ್ಲಿ, ಎಂಟು ಒಂಬತ್ತು ವರ್ಷದ ಮಕ್ಕಳ ಜೊತೆ ಭಾನುವಾರ ಚರ್ಚಿನ ಬೆಂಚಿನ ಮೇಲೆ ಧರ್ಮೋಪದೇಶಕ್ಕೆ ಕೂರಬೇಕಾಯಿತು. ನನ್ನ ಮಂಡಿ ಮುಂದಿನ ಬೆಂಚಿಗೆ ತಾಗುತ್ತಿತ್ತು. ಎಷ್ಟು ತಿಕ್ಕಿದರೂ ಹಿಮ್ಮಡಿಯ ಕೆಂಪು ಹೋಗುತ್ತಿರಲಿಲ್ಲ. ಪಾಠ ಹೇಳುವ ಉಪದೇಶಿ ಒಳ್ಳೆಯ ಮನುಷ್ಯ. ಒಂದು ದಿನ ನನ್ನನ್ನು ನೋಡಿ ಪ್ರೀತಿಯಿಂದಲೇ ಹೇಳಿದರು.

“ಬಾರಯ್ಯಾ ದೊಡ್ಡವನೇ. ಮನೇಲಿ ಎತ್ತೋನು ನೀನೇ ಅಲ್ವಾ? ಇಲ್ಲೂ ಎತ್ತು.”

ಎದ್ದು ಮುಂದೆ ಹೋಗಿ ನಿಂತೆ. ದಿನಕ್ಕೆ ಐವತ್ತು ಸಲ ಕೇಳಿದ ಮಾತು. ಬಾಯಿ ತೆರೆದೆ. ಬಂದದ್ದು ಎರಡನೆಯ ಅರ್ಧ. ತಡೆದು ಮತ್ತೆ ಶುರು ಮಾಡಿದೆ. ಮತ್ತೂ ಎರಡನೆಯ ಅರ್ಧವೇ ಬಂತು. ನನ್ನ ಕಿವಿಗೆ ಮೊದಲರ್ಧ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, “ತಲೆ ಮನೇಲಿ ಬಿಟ್ಟು ಬಾಲ ತಗಂಡು ಬಂದಿದಾನೆ ಕಣ್ರೋ!”

ಚರ್ಚಿನೊಳಗೆ ಎಲ್ಲ ಮಕ್ಕಳೂ ನಕ್ಕರು. ಉಪದೇಶಿ “ಶ್!” ಎಂದು ಗದರಿ ನನ್ನ ಹೆಗಲಿಗೆ ಕೈ ಹಾಕಿದರು. “ಪರವಾಗಿಲ್ಲ, ನಾನು ಹೇಳ್ಕೊಡ್ತೀನಿ, ಹಿಂದೆ ಹೇಳು.” ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಕೂಗಿದವನ ಮನೆಯ ಜಗಲಿಗೆ ಕಲ್ಲು ಕಡಿದು ಕೊಟ್ಟವನು ನಾನು. ಅವನ ಮುಂದೆ ಎಳೆ ಮಗುವಿನ ಹಾಗೆ ಹಿಂದೆ ಹಿಂದೆ ಹೇಳುವುದೇ? ಹೆಗಲ ಮೇಲಿನ ಕೈ ತೆಗೆದುಹಾಕಿ ಹೊರಗೆ ನಡೆದುಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿದ್ದೆ. ಮೇಸ್ತ್ರಿ “ಏನೋ, ಭಾನುವಾರ!” ಎಂದ. “ಕಲ್ಲಿಗೆ ಯಾವ ವಾರ?” ಎಂದೆ. ಅವನಿಗೆ ಆ ಮಾತು ಬಹಳ ಹಿಡಿಸಿತು.

ಪರಮಪ್ರಸಾದವೇನೋ ಆಮೇಲೆ ಆಯಿತು. ಗುಂಪಿನ ನಡುವೆ ನಿಂತು ತುಟಿ ಆಡಿಸಿದರೆ ಸಾಕಾಗಿತ್ತು. ಆದರೆ ಭಾನುವಾರ ಗುಂಡಿಗೆ ಹೋಗುವುದು ಅಭ್ಯಾಸವಾಯಿತು. ಅಮ್ಮ ಬಯ್ಯಲಿಲ್ಲ. ಒಂದು ಭಾನುವಾರ ಚರ್ಚಿನಿಂದ ವಾಪಸು ಬರುವಾಗ ತಲೆಯ ಮೇಲಿನ ಸೆರಗನ್ನೂ ತೆಗೆಯದೆ ನೇರ ಗುಂಡಿಯ ಅಂಚಿಗೆ ಬಂದು ನಿಂತಳು. ಕೆಳಗೆ ನಾನು ಕೆಂಪು ಮೆತ್ತಿಕೊಂಡು ನಿಂತಿದ್ದೆ.

“ಮಗಾ, ದೇವ್ರನ್ನ ಹುಡುಕೋದಾದ್ರೆ ಕಾಲು ಗಟ್ಟಿ ಇರೋವಾಗ್ಲೇ ಹುಡುಕ್ಬೇಕು ಕಣೋ. ಕಾಲು ಬಿದ್ಮೇಲೆ ಅವ್ನೇ ಬಂದು ಹೊತ್ಕಂಡು ಹೋಗ್ಬೇಕಷ್ಟೆ.”

“ದೇವ್ರು ಎಲ್ಲಿಗೆ ಹೋಗ್ತಾನಮ್ಮ? ಅಲ್ಲೇ ಇರ್ತಾನೆ. ತಂಗಿದೀರ ಮದುವೆ ಆಗ್ಲಿ, ಒಂದು ಮನೆ ಆಗ್ಲಿ. ಆಮೇಲೆ ದಿನಾ ಚರ್ಚಲ್ಲೇ ಕೂತಿರ್ತೀನಿ ಬೇಕಾದ್ರೆ.”

“ಅವ್ನು ಅಲ್ಲೇ ಇರ್ತಾನಪ್ಪ. ನೀನು ಇದೇ ನೀನಾಗಿ ಇರ್ತೀಯಾ?”

ಮೇಲಿನಿಂದ ಅವಳ ನೆರಳು ನನ್ನ ಮೇಲೆ ಬಿದ್ದಿತ್ತು. ಜೊತೆಯವರೆಲ್ಲ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನಗೆ ನಾಚಿಕೆಯಾಗಿ, “ಬಿಸ್ಲು, ಮನೆಗ್ ಹೋಗಮ್ಮ” ಎಂದು ಕೊಡಲಿ ಎತ್ತಿದೆ.

ತಂಗಿಯರ ಮದುವೆ ಮಾಡಿದೆ. ಹೊಸನಗರದ ಕಡೆ ಕಲ್ಲಿನ ಕೆಲಸ ಜೋರಾಗಿದ್ದಾಗ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಲ್ಲಿಯ ಹುಡುಗಿಯನ್ನೇ ಮದುವೆಯಾದೆ. ಅವಳಿಗೆ ಎಲ್ಲ ಜಪವೂ ನೀರು ಕುಡಿದ ಹಾಗೆ ಬರುತ್ತಿತ್ತು. ಬಂದ ಹೊಸದರಲ್ಲಿ ಒಂದು ಸಂಜೆ ಅವಳು, “ನಿಮ್ಮಲ್ಲಿ ಗಂಡಸ್ರು ಎತ್ತಲ್ವಾ?” ಎಂದು ಕೇಳಿದಳು. ನಾನು ಉತ್ತರ ಹುಡುಕುವುದರೊಳಗೆ ಅಮ್ಮನೇ ಹೇಳಿದಳು, “ಅವ್ನಿಗೆ ಕೆಲಸದಲ್ಲಿ ಗಂಟ್ಲು ಕಟ್ಟಿದೆ ಮಗಳೇ. ನಾಳೆ ಎತ್ತುತ್ತಾನೆ.”

ಆಗ ಕಲ್ಲು ಕೊಯ್ಯುವ ಮಷೀನು ಬಂದಿತ್ತು. ನಾನು ಕಡಿಯುವುದು ಬಿಟ್ಟು ಕಟ್ಟುವುದಕ್ಕೆ ಹಿಡಿದೆ. ನಾಲ್ಕಾರು ಜನ ಆಳುಗಳಾದರು. ಅಲ್ಲಿಯ ಒಂದು ಚರ್ಚಿನ ಹಿಂದಿನ ಕಾಂಪೌಂಡು ಬಿದ್ದುಹೋದಾಗ, “ನಂಗೆ ಏನೂ ಬೇಡ, ಕಲ್ಲು ತರಿಸಿ ಕೊಡಿ” ಎಂದು ಹೇಳಿ ಒಂದೂವರೆ ತಿಂಗಳು ಕಟ್ಟಿದೆ. ಗಾರೆ ಕಾಣದ ಹಾಗೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ. ವಯಸ್ಸಾದ ಫಾದರ್ ಒಬ್ಬರಿದ್ದರು, ಕೋಲೂರಿಕೊಂಡು ಬಂದು ನೋಡುತ್ತಿದ್ದರು. ಮುಗಿದ ದಿನ ಅವರ ಮುಂದೆ ನಿಂತು ಹೇಳಿದೆ.

“ಫಾದರ್, ನಂಗೆ ಬಾಯಲ್ಲಿ ಜಪ ಬರಲ್ಲ. ಇದೇ ನನ್ನ ಜಪ ಅಂತ ಇಟ್ಕಳಿ.”

ಅವರು ಗೋಡೆಯನ್ನು ಕೈಯಿಂದ ಸವರಿದರು. “ಗೋಡೆ ಭಾಳ ಚೆನ್ನಾಗಿದೆ ಮಾರಾಯ. ಹೊರಗಡೆ ಕೆಲ್ಸ ಮುಗೀತಲ್ಲ, ಒಳಗೆ ಯಾವಾಗ ಬರ್ತೀಯ?”

“ಬರ್ತೀನಿ ಫಾದರ್.”

“ನಿನ್ನ ತಾಯಿ ಪ್ರತಿ ವಾರ ಬರ್ತಾರೆ. ಪಕ್ಕದಲ್ಲಿ ಒಂದು ಜಾಗ ಬಿಟ್ಟು ಕೂರ್ತಾರೆ. ಬೇರೆ ಯಾರಾದ್ರೂ ಕೂತ್ರೆ, ಮಗ ಬರ್ತಾನೆ ಅಂತ ಎಬ್ಬಿಸ್ತಾರೆ.”

ಇದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲಾದರೂ ಹೋದೆನೇ? ಹೋಗಲಿಲ್ಲ. ಅಮ್ಮ ನನ್ನನ್ನು ಜನರ ಮುಂದೆ ಸಣ್ಣವನನ್ನಾಗಿ ಮಾಡಿದಳು ಎಂದು ಸಿಟ್ಟು ಬಂತು. ಎರಡು ದಿನ ಅವಳ ಹತ್ತಿರ ಸರಿಯಾಗಿ ಮಾತನಾಡಲಿಲ್ಲ.

ಆಮೇಲೆ ತೀರ್ಥಹಳ್ಳಿಗೆ ಬಂದೆವು. ಪೇಟೆಯಿಂದ ಮೇಗರವಳ್ಳಿಗೆ ಹೋಗುವ ದಾರಿಯ ಬದಿಗೆ ನನ್ನದೇ ಕಲ್ಲಿನಲ್ಲಿ ನನ್ನದೇ ಮನೆ ಕಟ್ಟಿದೆ. ಹತ್ತಿರದಲ್ಲೇ ಒಂದು ಕ್ವಾರಿ ಹಿಡಿದೆ. ಮಗ ದೊಡ್ಡವನಾಗಿ ಮಷೀನಿನ ಮೇಲೆ ಕೂತ. ಅಮ್ಮನ ಕಾಲು ಬಿದ್ದುಹೋಯಿತು. ನಡುಮನೆಯ ಕಿಟಕಿಯ ಹತ್ತಿರ ಮಂಚ ಹಾಕಿಸಿದೆ. ಮಲಗಿದಲ್ಲಿಂದಲೇ ಅವಳು ದಿನಾ ಸಂಜೆ ಎತ್ತುತ್ತಿದ್ದಳು, ಅಪ್ಪ ಎತ್ತಿದ ಹಾಗೆ. ಹೆಂಡತಿ, ಮಗ, ನಾನು ಉತ್ತರ ಹೇಳುತ್ತಿದ್ದೆವು. ನಾನು ಇದ್ದರೆ.

ಹೋದ ವರ್ಷ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡಳು.

“ನಾನು ಹೋಗೋವಾಗ ನೀನು ಎತ್ತಬೇಕು. ಸೊಸೆ ಬೇಡ, ಫಾದರೂ ಬೇಡ. ನೀನು.”

“ಈಗ್ಯಾಕಮ್ಮ ಆ ಮಾತು?”

“ನಿನ್ನಪ್ಪ ಸಾಯೋ ದಿನ ಸ್ವರ ಇರ್ಲಿಲ್ಲ. ಕೈಸನ್ನೆ ಮಾಡಿ ನಿನ್ನ ತೋರ್ಸಿ, ಕಲ್ತಿದಾನಾ ಅಂತ ಕೇಳಿದ್ರು. ಕಲ್ತಿದಾನೆ, ಚೆನ್ನಾಗಿ ಎತ್ತುತ್ತಾನೆ ಅಂದೆ. ಸಾಯೋರ ಹತ್ರ ಸುಳ್ಳು ಹೇಳ್ದೆ ಕಣೋ. ಅಲ್ಲಿಗೆ ಹೋದ್ಮೇಲೆ ಕೇಳ್ತಾರಲ್ಲ. ನಾನು ಒಂದ್ಸಲನಾದ್ರೂ ಕೇಳ್ಕಂಡು ಹೋಗ್ಬೇಕು.”

ನಾನು ಕಿಟಕಿಯ ಹೊರಗೆ ನೋಡಿದೆ.

“ಬರುತ್ತೆ ತಾನೇ ನಿಂಗೆ?” ಎಂದು ಕೇಳಿದಳು.

“ಬರುತ್ತೆ ಬಿಡಮ್ಮ. ಇಷ್ಟು ವರ್ಷ ಕೇಳಿದೀನಿ, ಬರಲ್ವಾ?”

ಐವತ್ತಾರು ವರ್ಷದ ಗಂಡಸು ಹಾಸಿಗೆ ಹಿಡಿದ ತಾಯಿಗೆ ಹೇಳಿದ ಸುಳ್ಳು. ಆ ರಾತ್ರಿಯೇ ಹೆಂಡತಿಯ ಹತ್ತಿರ ಕೇಳಿ ಕಲಿಯಬಹುದಿತ್ತು. ಕಪಾಟಿನಲ್ಲಿ ಜಪದ ಪುಸ್ತಕ ಇತ್ತು, ಮೆಲ್ಲಗೆ ಕೂಡಿಸಿ ಕೂಡಿಸಿ ಓದಬಹುದಿತ್ತು. ನಾಳೆ ನೋಡಿದರಾಯಿತು ಎಂದುಕೊಂಡೆ. ಕ್ವಾರಿಯಲ್ಲಿ ಕಲ್ಲು ಒಳ್ಳೆಯದು ಬರುತ್ತಿತ್ತು, ಮಳೆಗಾಲದೊಳಗೆ ತೆಗೆದು ಮುಗಿಸಬೇಕಿತ್ತು.

ಹತ್ತು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೆಂಡತಿ ಕ್ವಾರಿಗೆ ಫೋನು ಮಾಡಿದಳು. “ಅತ್ತೆ ಉಸಿರು ಬೇರೆ ತರ ಆಗಿದೆ. ಬೇಗ ಬನ್ನಿ.” ಮಗನಿಗೆ ಮಷೀನು ನಿಲ್ಲಿಸಿ ಬಾ ಎಂದು ಕೂಗಿ ಬೈಕು ಹತ್ತಿದೆ. ಮನೆಗೆ ಬಂದಾಗ ಮೈತುಂಬ ಕೆಂಪು ಧೂಳು. ಫಾದರಿಗೆ ಹೇಳಿಯಾಗಿತ್ತು. ಅವರು ಹೊಸನಗರದ ಕಡೆ ಹೋಗಿದ್ದರು, ಹೊರಟಿದ್ದಾರೆ ಎಂದು ಹೆಂಡತಿ ಹೇಳಿದಳು. ಹಿಂದಿನ ವಾರವೇ ಬಂದು ಕೊನೆಗಾಲದ ತೈಲ ಹಚ್ಚಿ ಹೋಗಿದ್ದರು. ಪಕ್ಕದ ಮನೆಯ ಗೌಡರ ಹೆಂಡತಿ, ನಮಗಿಂತ ಹಿರಿಯರು, ಅಮ್ಮನ ಕಾಲು ತಿಕ್ಕುತ್ತ ಕೂತಿದ್ದರು. ಇನ್ನೂ ಮೂರು ನಾಲ್ಕು ಜನ ಬಾಗಿಲ ಹತ್ತಿರ ನಿಂತಿದ್ದರು.

ಅಮ್ಮನಿಗೆ ಎಚ್ಚರವಿತ್ತು. ನನ್ನನ್ನು ಕಂಡ ಕೂಡಲೇ ಕೈಯಲ್ಲಿದ್ದ ಜಪಸರವನ್ನು ನನ್ನ ಕಡೆ ಸ್ವಲ್ಪ ಸರಿಸಿದಳು. ಅಪ್ಪನದೇ ಸರ.

ಹೆಂಡತಿ ಮೇಣದಬತ್ತಿ ಹಚ್ಚಿ ಮಂಡಿಯೂರಿದಳು. ನಾನೂ ಮಂಡಿಯೂರಿದೆ. ಎಲ್ಲರೂ ಕಾದರು. ಹೆಂಡತಿ ನನ್ನ ಮುಖ ನೋಡಿ, ತಡವಾಗುತ್ತಿದೆ ಎಂದು ತಾನೇ ಎತ್ತಿದಳು. ಎರಡು ಮಾತು ಆಗಿರಬಹುದು, ಅಮ್ಮ ಕೈ ಮೇಲೆ ಮಾಡಿ ತಡೆದಳು.

“ಅವ್ನು” ಎಂದಳು.

ನಾನು ಬಾಯಿ ತೆರೆದೆ. ಬೆಂಚಿನ ಮುಂದೆ ನಿಂತ ಹದಿಮೂರು ವರ್ಷದವನ ಬಾಯಿ ಹೇಗೆ ಒಣಗಿತ್ತೋ ಹಾಗೇ ಒಣಗಿತು. ಹೆಂಡತಿ ನನ್ನ ಕಿವಿಯ ಹತ್ತಿರ ಬಾಗಿ ಮೊದಲಿನ ಮಾತನ್ನು ಪಿಸುಗುಟ್ಟಿದಳು. ಅಷ್ಟು ಹೇಳಿದ್ದರೆ ಸಾಕಿತ್ತು. ಬಾಗಿಲಲ್ಲಿ ನಿಂತವರು ನೋಡುತ್ತಿದ್ದರು. ಅದರಲ್ಲಿ ಇಬ್ಬರು ನನ್ನ ಕೈಕೆಳಗೆ ಕೆಲಸ ಮಾಡುವವರು.

“ಗೊತ್ತು ನಂಗೆ, ಸುಮ್ನಿರು” ಎಂದುಬಿಟ್ಟೆ.

ಅವಳು ಹಿಂದೆ ಸರಿದಳು. ನನಗೆ ಗೊತ್ತಿರಲಿಲ್ಲ.

ಗೌಡರ ಹೆಂಡತಿಗೆ ತಡೆಯಲಾಗಲಿಲ್ಲ. “ಎಂತ ಮೇಸ್ತ್ರೇ, ಹಿಂಗೆ ಕೂತ್ರೆ ಹೆಂಗೆ? ನಮ್ಮಲ್ಲೂ ಮಗನೇ ಬಾಯಿಗೆ ನೀರು ಬಿಡ್ಬೇಕು. ನಿಮ್ದು ಎಂತ ಇದ್ಯೋ ಅದನ್ನ ಮಾಡಿ ಮಾರಾಯ್ರೆ. ಜೀವ ಕಾಯ್ತಾ ಇದೆ ಅಲ್ಲಿ.”

ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಹೇಳಿದೆ. ಬಂದದ್ದು ಎರಡನೆಯ ಅರ್ಧ. ಪಾಪಿಗಳಾದ ನಮಗಾಗಿ, ನಮ್ಮ ಸಾವಿನ ಹೊತ್ತಿಗಾಗಿ ಬೇಡಿಕೊಳ್ಳುವ ಮಾತು. ತಪ್ಪದೆ ಕೊನೆಯವರೆಗೆ ಹೇಳಿದೆ. ಕಣ್ಣು ಬಿಟ್ಟಾಗ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಅವಳಿಗೆ ಗೊತ್ತಾಯಿತು. ನಲವತ್ತನಾಲ್ಕು ವರ್ಷ ಗೊತ್ತಿದ್ದದ್ದೇ ಇನ್ನೊಂದು ಸಲ ಗೊತ್ತಾದ ಹಾಗಿತ್ತು ಆ ನೋಟ. ಸರವನ್ನು ತನ್ನ ಕಡೆಗೆ ಎಳೆದುಕೊಂಡಳು. ತುಟಿ ಅಲ್ಲಾಡಿತು. ಅಷ್ಟು ಉಸಿರು ಎಲ್ಲಿಟ್ಟಿದ್ದಳೋ, ಅವಳೇ ಎತ್ತಿದಳು.

ಅವಳ ಸ್ವರ ಇಳಿದ ಕೂಡಲೇ ನಾನು ಉತ್ತರ ಹೇಳಿದೆ. ಮತ್ತೊಂದು ಎತ್ತಿದಳು. ಉತ್ತರ ಹೇಳಿದೆವು. ಮೂರನೆಯದು ಎತ್ತುವಾಗ ಮಾತಿಗೊಂದು ಉಸಿರು ತೆಗೆದುಕೊಂಡಳು. ನಾಲ್ಕನೆಯದನ್ನು ಶುರು ಮಾಡಿದಳು. ಅರ್ಧ ದಾಟಿತು. ಕೊನೆಗೆ ಒಂದು ಹೆಸರು ಬರಬೇಕು, ಅಲ್ಲಿಗೆ ನಿಂತಳು. ನಾನು ಕಾದೆ. ಅಪ್ಪ ಕೆಮ್ಮುವಾಗ ಕಾಯುತ್ತಿದ್ದ ಹಾಗೆ ಕಾದೆ. ಅವಳು ಮುಗಿಸಿದರೆ ತಾನೇ ನಾನು ಉತ್ತರ ಹೇಳುವುದು?

“ಹೋದ್ರು ರೀ” ಎಂದಳು ಹೆಂಡತಿ.

ಅಂಗಳದಲ್ಲಿ ಮಗನ ಬೈಕು ಬಂದು ನಿಂತ ಶಬ್ದವಾಯಿತು.

ಫಾದರ್ ಬಂದ ಮೇಲೆ ಮಾಡಬೇಕಾದ್ದೆಲ್ಲ ಮಾಡಿದರು. ಮರುದಿನ ಮಣ್ಣಾಯಿತು. ಮನೆಯಲ್ಲಿ ಏಳು ದಿನ ಜಪ ನಡೆಯಿತು, ಹೆಂಡತಿ ಎತ್ತಿದಳು. ಯಾರೂ ನನ್ನನ್ನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ನಲವತ್ತನಾಲ್ಕು ವರ್ಷ ಪ್ರತಿದಿನ ನನ್ನನ್ನು ಕೇಳುವವರೊಬ್ಬರಿದ್ದರು.

ಮಳೆಗಾಲದಲ್ಲಿ ಕ್ವಾರಿ ನಿಂತಾಗ ಜಪದ ಪುಸ್ತಕ ತೆಗೆದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ. ಆಗ ಕಂಡಿತು ನಾನು ಬಿಟ್ಟದ್ದು ಏನೆಂದು. ಹತ್ತು ಮಣಿಗೊಮ್ಮೆ ಬರುವ, ಕರ್ತ ಯೇಸು ಕಲಿಸಿದ ಪ್ರಾರ್ಥನೆಯ ಮೊದಲರ್ಧದಲ್ಲಿ ಇರುವುದೆಲ್ಲ ದೇವರದು. ಅವನ ಹೆಸರು, ಅವನ ರಾಜ್ಯ, ಅವನ ಚಿತ್ತ. ಎರಡನೆಯ ಅರ್ಧದಲ್ಲಿ ಇರುವುದೆಲ್ಲ ನಮ್ಮದು. ನಮ್ಮ ಅನ್ನ, ನಮ್ಮ ತಪ್ಪು, ನಮ್ಮ ಕಷ್ಟ. ನಾನು ಜೀವಮಾನವಿಡೀ ಬೇಡುವ ಅರ್ಧವನ್ನು ಮಾತ್ರ ಹೇಳಿದವನು. ಇನ್ನೊಂದು ಜಪ, ಐವತ್ತು ಮಣಿಗೂ ಹೇಳುವುದು, ಮಾತೆ ಮರಿಯಮ್ಮನದು. ಅದರ ಮೊದಲರ್ಧ ಒಬ್ಬ ಎಳೆಯ ಹುಡುಗಿಯ ಮನೆಗೆ ದೇವದೂತ ಬಂದು ನಮಸ್ಕಾರ ಹೇಳುವ ಮಾತು. ಎರಡನೆಯದು ಸಾವಿನ ಮಾತು. ಯೇಸುವಿನ ಹೆಸರು ಇರುವುದು ಮೊದಲರ್ಧದ ಕೊನೆಯಲ್ಲಿ. ಅಮ್ಮ ನಿಂತದ್ದು ಆ ಹೆಸರಿನ ಮುಂದೆ. ನಾನೋ, ಹುಟ್ಟಿದಾಗಿನಿಂದ ಕ್ರೈಸ್ತ ಅನ್ನಿಸಿಕೊಂಡವನು, ಮನೆಯ ಜಪದಲ್ಲಿ ಆ ಹೆಸರನ್ನು ಒಂದು ಸಲವೂ ಬಾಯಲ್ಲಿ ಎತ್ತಿರಲಿಲ್ಲ.

ಕಲಿಯುವುದು ಸುಲಭ ಅಂತ ಅಂದುಕೊಂಡಿದ್ದೆ. ಸುಲಭವಾಗಿರಲಿಲ್ಲ. ಬೆಳಿಗ್ಗೆ ಕಲಿತದ್ದು ಸಂಜೆಗೆ ಜಾರುತ್ತಿತ್ತು. ಹಳೆಯ ಕಲ್ಲಿನ ಮೇಲೆ ಕೊಡಲಿ ಜಾರುವ ಹಾಗೆ. ಭಾನುವಾರ ಚರ್ಚಿಗೆ ಹೋಗತೊಡಗಿದೆ. ಹೆಂಡತಿಯ ಪಕ್ಕದಲ್ಲಿ ಕೂರುತ್ತೇನೆ. ಫಾದರಿಗೆ ಎಲ್ಲ ಹೇಳಿಕೊಂಡೆ. ದೇವರು ತಡವಾಗಿ ಬಂದವರನ್ನೂ ಹೊರಗೆ ನಿಲ್ಲಿಸುವುದಿಲ್ಲ ಎಂದರು. ನಂಬುತ್ತೇನೆ. ದೇವರ ಮೇಲೆ ನನಗೆ ದೂರಿಲ್ಲ. ಆದರೆ ತಡವಾಗಿ ಬಂದವನಿಗಾಗಿ ಜಾಗ ಹಿಡಿದು ಕೂತಿದ್ದವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ. ಅದನ್ನು ಯಾವ ಫಾದರೂ ಸರಿ ಮಾಡಲಾರರು.

ಕಳೆದ ತಿಂಗಳು ಒಂದು ಸಂಜೆ. ದೀಪ ಹಚ್ಚುವ ಹೊತ್ತು. ಹೆಂಡತಿಗೆ ನೆಗಡಿಯಾಗಿ ಸ್ವರ ಹೋಗಿತ್ತು. ಬಾಗಿಲ ಹತ್ತಿರ ಫೋನು ಹಿಡಿದು ಕೂತಿದ್ದ ಮಗನಿಗೆ ಹೇಳಿದಳು.

“ನೀನಾದ್ರೂ ಎತ್ತೋ ಇವತ್ತು.”

ಅವನು ತಲೆ ಎತ್ತದೆ ಹೇಳಿದ, “ನಾಳೆ ಎತ್ತುತ್ತೀನಮ್ಮ.”

“ನಾಳೆ ಅಲ್ಲ, ಈಗ ಎತ್ತು” ಎಂದು ಗದರಿದೆ.

ಮಗ ನನ್ನನ್ನು ನೋಡಿದ. ನನ್ನದೇ ಮೂಗು, ನನ್ನದೇ ಬಿಗುಮಾನ. “ಅಪ್ಪ, ನೀವು ಯಾವತ್ತು ಎತ್ತಿದ್ರಿ ಹೇಳಿ? ಅಜ್ಜಿ ಸಾಯೋವಾಗ್ಲೂ ಎತ್ಲಿಲ್ಲ.”

ಹೆಂಡತಿ “ಏ!” ಎಂದಳು, ಸ್ವರವಿಲ್ಲದೆ. ನಾನು ಕೈ ಮಾಡಿ ತಡೆದೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

ಪೀಠದ ಮೇಲಿಂದ ಅಪ್ಪನ ಸರ ತೆಗೆದುಕೊಂಡೆ. ಮಂಡಿ ಈಗ ಸುಲಭವಾಗಿ ಮಡಿಚುವುದಿಲ್ಲ, ಗೋಡೆ ಹಿಡಿದು ಕೂತೆ. ಎತ್ತಿದೆ. ಮೊದಲ ಸಲ ನಡುವಿನ ಒಂದು ಮಾತು ಬಿಟ್ಟುಹೋಯಿತು, ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದೆ. ಹೆಂಡತಿ ಪಿಸುಗುಟ್ಟಿ ನೆನಪಿಸಲಿಲ್ಲ. ಆ ದಿನದ ಮೇಲೆ ಅವಳು ನನಗೆ ನೆನಪಿಸುವುದನ್ನು ಬಿಟ್ಟಿದ್ದಾಳೆ. ಅಮ್ಮ ನಿಂತ ಜಾಗ ಬಂತು. ಅಲ್ಲಿ ನನಗೂ ಉಸಿರು ನಿಂತಿತು. ಇವತ್ತಿಗೂ ಅಲ್ಲಿ ನಿಲ್ಲುತ್ತದೆ. ಆಮೇಲೆ ಆ ಹೆಸರು ಹೇಳಿದೆ.

ಹೆಂಡತಿ ಒಡೆದ ಸ್ವರದಲ್ಲಿ ಉತ್ತರ ಹೇಳಿದಳು. ಬಾಗಿಲ ಹತ್ತಿರದಿಂದ ಏನೂ ಕೇಳಿಸಲಿಲ್ಲ. ತಿರುಗಿ ನೋಡಲಿಲ್ಲ. ಒಂದು ಮಣಿ ಸರಿಸಿ ಮತ್ತೆ ಎತ್ತಿದೆ.